ಬಂಗಡೆ ಬೇಡವೆಂದವಳು

"ಹೆಲ್ಮೆಟ್ ತೆಗೀಬೇಡ."

ಬಿದ್ದ ಮೇಲೆ ಕಿಶನ ಆಡಿದ ಮೊದಲ ಮಾತು ಅದು.

ಅಮದಳ್ಳಿಯ ಹತ್ತಿರ, ಹೆದ್ದಾರಿಯ ಅಂಚಿನಲ್ಲಿ ಅವನು ಬಿದ್ದಿದ್ದ. ಬಲಗಾಲು ತಿರುಗಬಾರದ ಕಡೆಗೆ ತಿರುಗಿತ್ತು. ಬೈಕು ಅವನಿಗಿಂತ ಮುಂದೆ ಹೋಗಿ ಮಲಗಿ, ಇನ್ನೂ ಚಕ್ರ ತಿರುಗಿಸುತ್ತಿತ್ತು. ಪೆಟ್ರೋಲ್ ಬಂಕಿನ ಕಡೆಗೆ ಸಿಗ್ನಲ್ಲೂ ಹಾಕದೆ ಅಡ್ಡ ತಿರುಗಿದ್ದ ಬಿಳಿ ಕಾರು, ತನಗೇನೂ ಗೊತ್ತಿಲ್ಲ ಎಂಬಂತೆ ದೂರದಲ್ಲಿ ನಿಂತಿತ್ತು.

ನಾಗಶ್ರೀ ಅವನ ಪಕ್ಕದಲ್ಲಿ ಮಂಡಿಯೂರಿದ್ದಳು. ಮೊಣಕೈಯಿಂದ ರಕ್ತ ಇಳಿಯುತ್ತಿರುವುದು ಅವಳಿಗಿನ್ನೂ ತಿಳಿದಿರಲಿಲ್ಲ.

"ತಲೆಗೆ ಪೆಟ್ಟಾಯ್ತಾ ಕಿಶನ?"

"ಕಾಲು ಮಾತ್ರ. ಜನ ಬರ್ತಿದ್ರು ನೋಡು. ನಿನ್ನ ಮುಖ ಯಾರೂ ನೋಡೂದು ಬೇಡ. ಅಂಕೋಲೆ ಬಸ್ಸು ಬಂತು, ಹತ್ತು."

"ನಿನ್ನ ಹಿಂಗೆ ಬಿಟ್ಟು...?"

"ಹೋಗೇ ಮಾರಾಯ್ತಿ!"

ಅಪಘಾತವಾದರೆ ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತು. ಆಂಬುಲೆನ್ಸಿಗೆ ಫೋನ್ ಮಾಡಬೇಕು, ಮುರಿದ ಕಾಲನ್ನು ಅಲ್ಲಾಡಿಸಬಾರದು, ಗಾಡಿಯ ನಂಬರ್ ನೋಡಿಟ್ಟುಕೊಳ್ಳಬೇಕು. ಆದರೆ ಹಿಂದಿನ ಸೀಟಿನಲ್ಲಿದ್ದವಳು ಯಾರ ಮಗಳು ಎಂಬ ಪ್ರಶ್ನೆ ನಮ್ಮ ಕಡೆ ಆಂಬುಲೆನ್ಸಿಗಿಂತ ಬೇಗ ಬರುತ್ತದೆ. ಕಿಶನ ಅದನ್ನೇ ಮೊದಲು ವಿಲೇವಾರಿ ಮಾಡಿದ್ದ.

ನಾಗಶ್ರೀ ಬಸ್ಸು ಹತ್ತಿದಳು. ಬಂಕಿನಿಂದ ಓಡಿಬಂದವರು ಅವನ ಕಾಲನ್ನು ನೋಡುತ್ತಿದ್ದರು. ಅವಳನ್ನು ಕಂಡವರಿಗೂ ಪೊಲೀಸರು ಬಂದಾಗ ಬೇರೆ ಕೆಲಸ ನೆನಪಾಯಿತು.

"ಅಕ್ಕಾ," ಎಂದ ಕಂಡಕ್ಟರ್, ಟಿಕೆಟ್ ಹರಿಯುತ್ತ. "ಬಸ್ಸೊಳಗೆ ಹೆಲ್ಮೆಟ್ ಕಡ್ಡಾಯ ಅಲ್ಲ."

ಅವಳು ತೆಗೆಯಲಿಲ್ಲ. ಅದರೊಳಗೆ ಅಳುತ್ತಿದ್ದಳು.

* * *

ಅವರಿಬ್ಬರ ಪರಿಚಯಕ್ಕೆ ಎರಡು ವರ್ಷ. ಕಾರವಾರದಲ್ಲಿ ಅವಳಿಗೆ ಸಹಕಾರಿ ಸಂಘದ ಕೆಲಸ, ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಅವನಿಗೆ ಗುತ್ತಿಗೆಯ ಎಲೆಕ್ಟ್ರಿಷಿಯನ್ ಕೆಲಸ. ಚೆಂಡಿಯಾದ ಅವನ ಅಜ್ಜನ ಗದ್ದೆ ನೌಕಾನೆಲೆಯೊಳಗೆ ಸೇರಿಹೋಗಿ, ಮನೆ ಈಗ ಪುನರ್ವಸತಿ ಕಾಲನಿಯಲ್ಲಿತ್ತು.

"ನಿಮ್ಮಪ್ಪನ ಹತ್ರ ನಾ ಬಂದು ಮಾತಾಡ್ತೆ," ಎಂದು ಅವನು ಹೇಳಿದಾಗಲೆಲ್ಲ ಅವಳ ಉತ್ತರ ಒಂದೇ.

"ನೀ ಬಾಯಿ ಬಿಡ್ಬೇಡ. ಮನೇಲಿ ನಾನೇ ಹೇಳ್ತೆ."

ಹೇಳಿರಲಿಲ್ಲ.

ಅಪಘಾತದ ಮರುದಿನ ಅವನ ಫೋನ್ ಹತ್ತಲಿಲ್ಲ. ಸಂಜೆ ನಾಗಶ್ರೀಯ ಸಹೋದ್ಯೋಗಿ ಭವ್ಯಾ ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದಳು.

"ಕಾಲಿಗೆ ರಾಡ್ ಹಾಕಿದ್ರು. ಫೋನ್ ಪುಡಿಪುಡಿ. ಕಾರಿನವ್ರು ಬೈಕೇ ಸ್ಪೀಡಲ್ಲಿ ಬಂತು ಅಂತ ಬರೆಸಿದ್ರಂತೆ. ಕೇಸು ಇವ್ನ ಮೇಲೇ ಬೀಳ್ತದೆ, ಗುತ್ತಿಗೆ ಕೆಲಸವೂ ಹೋಗ್ತದೆ ಅಂತ ಅವ್ನ ಆಯಿ ಅಳ್ತಿದ್ರು. ಸಾಕ್ಷಿ ಯಾರೂ ಇಲ್ವಲ್ಲೇ."

"ಅಂವ... ಎಂತ ಹೇಳ್ದ?"

ಭವ್ಯಾ ಕಿಟಕಿಯ ಕಡೆ ನೋಡಿದಳು. "ಗಾಡಿಯಲ್ಲಿ ತಾನೊಬ್ನೇ ಇದ್ದೆ, ಹಿಂದೆ ಯಾರೂ ಇರಲಿಲ್ಲ ಅಂತ ಪೊಲೀಸ್ರ ಹತ್ರ ಅಂದನಂತೆ."

ಯಾರೂ ಇರಲಿಲ್ಲ...

ಆ ಮಾತು ಅವಳ ಜೊತೆ ಬಸ್ಸು ಹತ್ತಿತು, ಮನೆಗೂ ಬಂತು. ಎರಡು ವರ್ಷ ಅವನ ಬೆನ್ನಿಗೆ ಒರಗಿ ಕೂತವಳು ಯಾರೂ ಅಲ್ಲವೇ? ಕಷ್ಟ ಬಂದ ಕೂಡಲೇ ಅಷ್ಟು ಸಲೀಸಾಗಿ ಒರೆಸಿಹಾಕಿಬಿಟ್ಟನೇ? ನೋಯುತ್ತಿದ್ದ ಮೊಣಕೈಗಿಂತ ಆ ಮಾತೇ ಹೆಚ್ಚು ನೋಯಿತು. ಆಸ್ಪತ್ರೆಗೆ ಹೋಗುವುದಿಲ್ಲ ಎಂದು ತೀರ್ಮಾನಿಸಿದಳು. ಇಲ್ಲದವಳು ಹೋಗುವುದಾದರೂ ಹೇಗೆ?

* * *

ಮನೆಯಲ್ಲಿ ಅವಳು ಉದ್ದ ತೋಳಿನ ಚೂಡಿದಾರ ಹಾಕಿಕೊಂಡು ಓಡಾಡಿದಳು. ಹೆಲ್ಮೆಟ್ ಕಟ್ಟಿಗೆ ರಾಶಿಯ ಹಿಂದೆ ಸೇರಿತ್ತು. ಎಲ್ಲವನ್ನೂ ಅಚ್ಚುಕಟ್ಟಾಗಿ ಮುಚ್ಚಿದ್ದಳು, ಒಂದನ್ನು ಬಿಟ್ಟು.

"ಬಂಗಡೆ ಹುರ್ದದ್ದು ಹಾಕ್ಲಾ?" ಎಂದು ತಾಯಿ ರುಕ್ಮಿಣಿ ಕೇಳಿದಾಗ, "ಬೇಡ ಆಯಿ, ಹೊಟ್ಟೆ ಸರಿ ಇಲ್ಲ," ಎಂದಳು.

ಮರುದಿನವೂ ಬೇಡ. ಅದರ ಮರುದಿನ ಶೆಟ್ಲಿ, ಅಂದರೆ ಸಿಗಡಿಯ ಸುಕ್ಕ ಮಾಡಿದರೂ ಬೇಡ.

ರುಕ್ಮಿಣಿ ಸೌಟು ಕೆಳಗಿಟ್ಟಳು.

"ಗಾಯ ಎಲ್ಲದೆ? ತೋರ್ಸು."

"ಎಂತಾ ಗಾಯ?"

"ಹೊಟ್ಟೆ ಸರಿ ಇಲ್ದವ್ಳು ಮಾವಿನ ಮಿಡಿ ಕಚ್ಚಿ ಎರಡು ಸಲ ಅನ್ನ ಉಂಡ್ಯಲ್ಲೇ. ಮೀನೊಂದೇ ಬೇಡ. ನಂಜಾಗ್ತದೆ ಅಂತ ಹೆದ್ರಿದ್ದಿ. ತೋಳು ಮಡಚು."

ಶೆಟ್ಲಿ ತಿಂದರೆ ಗಾಯ ನಂಜಾಗುತ್ತದೆ ಎಂದು ಡಾಕ್ಟರು ಯಾರೂ ಹೇಳುವುದಿಲ್ಲ. ಆದರೆ ಬಿ.ಕಾಂ. ಓದಿದ ನಾಗಶ್ರೀಗೂ ಆ ವಿಷಯದಲ್ಲಿ ತಾಯಿಯೇ ವಿಶ್ವವಿದ್ಯಾಲಯ. ಸುಳ್ಳು ಹೇಳುವ ಧೈರ್ಯ ಅವಳಿಗಿತ್ತು. ಗಾಯ ಇಟ್ಟುಕೊಂಡು ಮೀನು ತಿನ್ನುವ ಧೈರ್ಯ ಇರಲಿಲ್ಲ.

ತೋಳು ಮಡಚಿದಳು. ಮಡಚಿದ ಮೇಲೆ ಎಲ್ಲವನ್ನೂ ಹೇಳಿದಳು.

"ಟಿ.ಟಿ. ಇಂಜೆಕ್ಷನ್ ತಕಂಡ್ಯಾ?"

"ಇಲ್ಲ."

"ಮೀನು ಬಿಡೂಕೆ ನೆನಪಾಯ್ತು, ಸೂಜಿ ನೆನಪಾಗ್ಲಿಲ್ಲ. ಚಂದ." ರುಕ್ಮಿಣಿ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಗಾಯದ ಅಂಚು ಒರೆಸತೊಡಗಿದಳು. "ಕಟ್ಟಿಗೆ ಹಿಂದಿನ ಹೆಲ್ಮೆಟ್ ಯಾರದ್ದು ಅಂತ ನಾನೂ ಕೇಳ್ಬೇಕು ಅಂತಿದ್ದೆ. ನಮ್ಮನೇಲಿ ಗಾಡಿ ಇಲ್ಲ."

ನಾಗಶ್ರೀಯ ಕಣ್ಣು ತುಂಬಿತು. "ಆಯಿ, ಅಂವ ಹಿಂದೆ ಯಾರೂ ಇರಲಿಲ್ಲ ಅಂದ. ನಾ ಯಾರೂ ಅಲ್ಲ ಅಂದ್ಹಾಂಗೆ ಅಲ್ದಾ?"

"ನೀ ನನ್ನ ಹತ್ರ ಎಂತ ಹೇಳ್ದೆ?"

"ಹೊಟ್ಟೆ ಸರಿ ಇಲ್ಲ ಅಂದೆ."

"ಅದ್ರಾಗೆ ಅಂವ ಎಲ್ಲಿದ್ದ?"

ನಾಗಶ್ರೀ ಗಾಯವನ್ನೇ ನೋಡಿದಳು. ಒಲೆಯ ಮೇಲೆ ಶೆಟ್ಲಿ ತಣ್ಣಗಾಗುತ್ತಿತ್ತು. 'ಬಾಯಿ ಬಿಡ್ಬೇಡ' ಎಂದದ್ದು ತಾನು. ಮುರಿದ ಕಾಲಿಟ್ಟುಕೊಂಡು, ಕೆಲಸ ಹೋಗುತ್ತದೆಂದು ಗೊತ್ತಿದ್ದೂ ಅವನು ಬಾಯಿ ಬಿಟ್ಟಿರಲಿಲ್ಲ. 'ಹೋಗು' ಎಂದದ್ದು ಅವನು, ನಿಜ. ಹೋದದ್ದು...?

"ಅಪ್ಪನಿಗೆ ನಾ ಹೇಳ್ತೆ ಬಿಡು," ಎಂದಳು ರುಕ್ಮಿಣಿ.

"ಬೇಡ. ನಾನೇ ಹೇಳ್ತೆ." ಈ ಸಲ ಎದ್ದು ಹೊರಟಳು.

ಅಪ್ಪ ರಾಮನಾಥ ಜಗಲಿಯಲ್ಲಿ ಕೂತು ಕತ್ತಿ ಮಸೆಯುತ್ತಿದ್ದ. ಅವಳು ಎಲ್ಲವನ್ನೂ, ಠಾಣೆಗೆ ಹೋಗಿ ಸಾಕ್ಷಿ ಹೇಳುವುದನ್ನೂ, ಹೇಳಿ ಮುಗಿಸುವ ತನಕ ಮಸೆದ. ಮುಗಿದ ಮೇಲೂ ಸ್ವಲ್ಪ ಹೊತ್ತು ಮಸೆದ.

"ತಲೆ ಮೇಲೆ ಹೆಲ್ಮೆಟ್ ಇತ್ತಾ?"

"ಇತ್ತು. ನಾ ಹಾಕ್ದೆ ಇದ್ರೆ ಅಂವ ಗಾಡಿ ಚಾಲೂನೇ ಮಾಡೂದಿಲ್ಲ."

"ಹ್ಮ್."

ಅದು ಒಪ್ಪಿಗೆ ಅಲ್ಲ. ಎರಡು ವರ್ಷ ಹೆದರಿದ್ದಕ್ಕೆ ಸಿಕ್ಕಿದ್ದು ಅಷ್ಟೇ. ಅವಳು ಒಳಗೆ ಹೋಗುವಾಗ ಹಿಂದಿನಿಂದ ದನಿ ಬಂತು. "ಠಾಣೆಗೆ ಒಬ್ಳೇ ಹೋಗೂದು ಬೇಡ. ಆಯಿನ ಕರ್ಕಂಡು ಹೋಗು."

* * *

"ಗಾಡಿ ಮೇಲೆ ಬೇರೆ ಯಾರೂ ಇರಲಿಲ್ಲ ಅಂತ ಅವನೇ ಹೇಳಿದ್ದಾನಲ್ಲಮ್ಮ," ಎಂದ ಠಾಣೆಯ ಹವಾಲ್ದಾರ.

"ಸುಳ್ಳು ಹೇಳಿದ್ದಾನೆ. ನಾನಿದ್ದೆ. ಕಾರು ಸಿಗ್ನಲ್ ಹಾಕದೆ ತಿರುಗಿದ್ದನ್ನು ಕಂಡಿದ್ದೇನೆ." ತೋಳು ಮಡಚಿ, ಆ ಬೆಳಿಗ್ಗೆ ಡಾಕ್ಟರು ಕಟ್ಟಿದ ಬ್ಯಾಂಡೇಜು ತೋರಿಸಿದಳು.

ಹವಾಲ್ದಾರ ಪೆನ್ನು ಎತ್ತಿಕೊಂಡ. "ನೀವು ಅವನಿಗೆ ಏನಾಗ್ಬೇಕು?"

ಬೆಂಚಿನ ಮೇಲೆ ಕೂತಿದ್ದ ರುಕ್ಮಿಣಿ ಸೆರಗು ಸರಿಮಾಡಿಕೊಳ್ಳುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು.

ಹೊರಗೆ ಯಾವುದೋ ಆಟೋ ಸದ್ದು ಮಾಡಿ ಹೋಯಿತು. ಅದು ಹೋಗುವ ತನಕ ನಾಗಶ್ರೀ ಕಾದಳು, ಸರಿಯಾಗಿ ಕೇಳಿಸಲಿ ಎಂದು.

"ಮದುವೆ ಆಗುವವಳು."

* * *

ಆಸ್ಪತ್ರೆಯಲ್ಲಿ ಕಿಶನ ದಿಂಬಿಗೆ ಒರಗಿದ್ದ. ಅವನ ತಾಯಿ ಹೊನ್ನು, ಬಾಗಿಲಲ್ಲಿ ಹೆಲ್ಮೆಟ್ ಹಿಡಿದು ನಿಂತ ಹುಡುಗಿಯನ್ನೂ ಮಗನ ಮುಖವನ್ನೂ ಒಮ್ಮೆ ನೋಡಿ, ಏನೂ ಕೇಳದೆ ರುಕ್ಮಿಣಿಯೊಡನೆ ಚಹಾಕ್ಕೆ ಹೋದಳು.

"ಮೊದ್ಲು ನನ್ನ ಕೇಳ್ಬೇಕಿತ್ತು," ಎಂದ, ಎಲ್ಲವನ್ನೂ ಕೇಳಿದ ಮೇಲೆ.

"ಯಾರೂ ಇರಲಿಲ್ಲ ಅನ್ನುವಾಗ ನೀ ನನ್ನ ಕೇಳಿದ್ಯಾ?"

"ಮನೇಲಿ ನಾನೇ ಹೇಳ್ತೆ ಅಂದಿದ್ಯಲ್ಲ. ನಿಂಗಿಂತ ಮೊದ್ಲು ಪೊಲೀಸ್ರು ಹೋಗಿ ಹೇಳೂದು ಸರಿ ಆಗ್ತಿತ್ತಾ?"

ಅವಳು ಅವನ ಕೈಯನ್ನು ಮುಖಕ್ಕೆ ಒತ್ತಿಕೊಂಡಳು. ಬಹಳ ಹೊತ್ತು ಬಿಡಲಿಲ್ಲ.

"ಅಲ್ಲಿ ಹೇಳಿದ್ದು ನಂಗೂ ಒಂದ್ಸಲ ಹೇಳು," ಎಂದ.

"ಠಾಣೆಗೆ ಹೋಗಿ ಕೇಳು. ಸಹಿ ಮಾಡಿ ಬಂದಿದ್ದೆ."

ಅವನು ನಕ್ಕು, ಕಾಲು ನೋವಾಗಿ ನಿಲ್ಲಿಸಿದ. "ನಿಮ್ಮಪ್ಪ?"

"ಇನ್ನೂ ಕತ್ತಿ ಮಸೀತಿದ್ರು. ಆಯಿ ಮಾತ್ರ, ಗಾಯ ಒಣಗಿದ ಮೇಲೆ ಊಟಕ್ಕೆ ಬರೂಕೆ ಹೇಳು ಅಂದಳು. ಬಂಗಡೆ ಹುರೀತಳಂತೆ."

"ನಂಗೆ ಇನ್ನೂ ಆರು ವಾರ ಅದೆ. ನಿಂದು ವಾರದಾಗೆ ಒಣಗ್ತದೆ, ನೀ ತಿನ್ನು."

"ನೀ ತಿನ್ನೂವರೆಗೆ ನಾನೂ ತಿನ್ನೂದಿಲ್ಲ."

ಕಿಶನ ಅವಳನ್ನೇ ನೋಡಿದ. ಅಂಕೋಲೆಯ ಹುಡುಗಿ, ಬಂಗಡೆಯ ಕಾಲದಲ್ಲಿ...

"ಆರು ವಾರ?"

"ಹೂಂ."

"ಅಷ್ಟೊಂದು ಪ್ರೀತಿ ಅದೆ ಅಂತ ನಂಗೆ ಗೊತ್ತಿರಲಿಲ್ಲ ಮಾರಾಯ್ತಿ."

"ನಂಗೂ," ಎಂದಳು ನಾಗಶ್ರೀ.