ಸರದಾರನ ಎಡಗಂಕುಳು

ನೂಲುಗಣ್ಣು ಎಂಬ ಯಂತ್ರ ತನ್ನ ಕೆಲಸ ಮುಗಿಸಲು ಹನ್ನೊಂದು ನಿಮಿಷ ತೆಗೆದುಕೊಂಡಿತು. ಅಷ್ಟರಲ್ಲಿ ಅದು ಅರವತ್ತು ವರ್ಷ ಹಳೆಯದಾದ ‘ಸಿಡಿಲಗಿರಿಯ ಸರದಾರ’ ಎಂಬ ಸಿನಿಮಾದ ಲಕ್ಷಕ್ಕೂ ಮೀರಿದ ಚೌಕಟ್ಟುಗಳನ್ನು ನೋಡಿ, ನಾಯಕ ತೊಟ್ಟಿದ್ದ ಹಸಿರು ಕೋಟನ್ನು ಎಳೆ ಎಳೆಯಾಗಿ ಪರದೆಯ ಮೇಲೆ ಬಿಡಿಸಿಟ್ಟಿತು. ಬಟ್ಟೆ ಅಲುಗಿದಾಗಲೆಲ್ಲ ಅದರ ಮೇಲಿನ ಬೆಳಕು ಒಂದಿಷ್ಟು ಬದಲಾಗುತ್ತದೆ. ಒಂದು ಚೌಕಟ್ಟಿನಲ್ಲಿ ಕಾಣದ್ದು ಇನ್ನೊಂದರಲ್ಲಿ ಕಾಣುತ್ತದೆ. ಅವನ್ನೆಲ್ಲ ಕೂಡಿಸಿದರೆ ನೇಯ್ಗೆ, ಬಣ್ಣ, ಹೊಲಿಗೆ ಮೂರೂ ಸಿಗುತ್ತವೆ. ಡಾ. ಚಂಪಕಾ ಹೊಳ್ಳ ಈ ಯಂತ್ರವನ್ನು ಕಟ್ಟಿದ್ದು, ಹಳೆಯ ಫೋಟೋಗಳಲ್ಲಷ್ಟೇ ಉಳಿದ ಸೀರೆಗಳನ್ನು ಮತ್ತೆ ನೇಯಲೆಂದು. ಆದರೆ 2054ರ ಹೊತ್ತಿಗೆ ಅದನ್ನು ಹಗಲಿಡೀ ದುಡಿಸಿಕೊಳ್ಳುತ್ತಿದ್ದವರು ಗೊಂಬೆ ಸಂಗ್ರಾಹಕರು.

ಮೈಸೂರಿನ ಸಂಗ್ರಾಹಕರ ಸಂಘದವರು ತಮ್ಮ ಮಗಳ ಮದುವೆ ಸೀರೆಗೂ ಇಷ್ಟು ತಲೆ ಕೆಡಿಸಿಕೊಂಡವರಲ್ಲ. ಸಿನಿಮಾ ಪಾತ್ರಗಳನ್ನು ಆರನೇ ಒಂದು ಅಳತೆಗೆ ಇಳಿಸಿ ಮಾಡಿದ ಅಡಿ ಎತ್ತರದ ಗೊಂಬೆಗಳ ಗುಂಡಿ ಎಣಿಸುವುದು, ಕಾಲರು ಅಳೆಯುವುದು, ನೂರಕ್ಕೆ ಎಷ್ಟು ಎಂದು ಅಂಕ ಹಾಕುವುದು ಅವರ ಭಾನುವಾರದ ಕೆಲಸ. ತೊಂಬತ್ತೈದು ದಾಟಿದ ಗೊಂಬೆ ಸಂಘದ ದಾಖಲೆ ಪುಸ್ತಕಕ್ಕೆ ಸೇರುತ್ತಿತ್ತು. ಅದರೊಂದಿಗೆ, ಪುರಾವೆ ಇದ್ದರೆ, ಮೂಲ ಉಡುಪನ್ನು ಹೊಲಿದವರ ಹೆಸರೂ ಸೇರುತ್ತಿತ್ತು. ಗೊಂಬೆ ತಯಾರಿಸುವ ದಿಲ್‌ಶಾದ್ ಬೇಗಂ ಅರವತ್ತೆಂಟನೇ ವಯಸ್ಸಿನಲ್ಲಿ ಸರದಾರನನ್ನು ಹೊತ್ತುಕೊಂಡು ಬಂದದ್ದು ಆ ಒಂದು ಸಾಲಿಗಾಗಿ. ಕೋಟು ಹೊಲಿದವರು ಅವರ ತಂದೆ, ಮಂಡಿ ಮೊಹಲ್ಲಾದ ಟೈಲರ್ ಖಾಸಿಂ ಸಾಬ್. ಸಿನಿಮಾದ ಹೆಸರುಪಟ್ಟಿಯಲ್ಲಿ ಅವರಿರಲಿಲ್ಲ.

ತೀರ್ಪುಗಾರ ಕಾಂತರಾಜೇ ಅರಸ್ ಗೊಂಬೆಯ ಎಡಗೈ ಎತ್ತಿ, ಭೂತಗನ್ನಡಿ ಹಿಡಿದರು. ಕಂಕುಳಲ್ಲಿ ಉಗುರಿನಷ್ಟು ದೊಡ್ಡ ತ್ರಿಕೋನ ತುಂಡೊಂದು ಜೋಡಣೆಯಾಗಿತ್ತು. ಅದರ ಬಣ್ಣ ನೀಲಿ.

“ಹಸಿರು ಕೋಟಿಗೆ ನೀಲಿ ತೇಪೆನಾ? ಸಿನಿಮಾದಲ್ಲಿ ಎಲ್ಲೂ ಕಾಣಲ್ವಲ್ಲಮ್ಮ.”

“ಕಾಣಲ್ಲ ಸಾರ್. ಆದ್ರೆ ಇತ್ತು.”

“ತೆರೆ ಮೇಲೆ ಇಲ್ಲದ್ದು ಗೊಂಬೆ ಮೇಲೂ ಇರಬಾರದು. ಅದು ನಮ್ಮ ರೂಲ್ಸು. ಬಿಚ್ಚಿ ಬಿಡಿ, ತೊಂಬತ್ತೆಂಟು ಕೊಡ್ತೀನಿ. ಇಟ್ಕೊಂಡ್ರೆ ತೊಂಬತ್ತಮೂರು.”

“ಬಿಚ್ಚೋದಾದ್ರೆ ಅಪ್ಪನ ಹೆಸರು ಯಾಕೆ ಬೇಕು ಸಾರ್? ಅದು ನಮ್ಮಪ್ಪನ ಕೋಟೇ ಅಲ್ಲ ಆಗ.”

ಕಾರಣವನ್ನೂ ದಿಲ್‌ಶಾದ್ ಹೇಳಿದರು. ಚಿತ್ರೀಕರಣಕ್ಕೆ ಮುಂಚೆ ನಾಯಕನ ಎಡಭುಜದ ಕೀಲು ಜಾರಿತ್ತು. ಒಳಗೆ ದಪ್ಪ ಕಟ್ಟು ಇದ್ದುದರಿಂದ ಕೋಟು ಏರುತ್ತಿರಲಿಲ್ಲ. ಕಂಕುಳ ಬಿಚ್ಚಿ ಅಗಲ ಮಾಡೋಣವೆಂದರೆ ಹಸಿರು ಬಟ್ಟೆ ಚೂರೂ ಉಳಿದಿರಲಿಲ್ಲ. “ಅಪ್ಪ ನನ್ನ ಸ್ಕೂಲಿನ ನೀಲಿ ಲಂಗದ ಅಂಚು ಕತ್ತರಿಸಿ ಹಾಕಿಬಿಟ್ರು. ನನಗೆ ಎಂಟು ವರ್ಷ. ಗಿಡ್ಡ ಲಂಗ ಹಾಕ್ಕೊಂಡು ಹೋಗಿ ಬೈಸ್ಕೊಂಡೆ.”

ಅರಸರಿಗೆ ಕತೆ ಹಿಡಿಸಿತು, ಆದರೆ ಕತೆಗೆ ಅಂಕವಿರಲಿಲ್ಲ. ಅವರು ಯಂತ್ರದ ವರದಿಯ ಕಡೆ ಬೆರಳು ಮಾಡಿದರು. ಎಡಗಂಕುಳಿನ ಎದುರು ‘ದೃಢಪಟ್ಟಿಲ್ಲ’ ಎಂದಿತ್ತು.

“ದೃಢಪಟ್ಟಿಲ್ಲ ಅಂದ್ರೆ ಸುಳ್ಳು ಅಂತಲ್ಲ,” ಎಂದರು ಪರದೆಯ ಮುಂದೆ ಕೂತಿದ್ದ ಚಂಪಕಾ. ತಮ್ಮ ಯಂತ್ರದ ಮಾತನ್ನು ಜನ ಹೀಗೆ ತಿರುಚುವುದು ಅವರಿಗೆ ಬೇಸರ ತರಿಸಿತ್ತು. “ಅಲ್ಲಿಗೆ ಬೆಳಕು ಬಿದ್ದಿಲ್ಲ, ಅಷ್ಟೆ. ಮಡಿಕೆ ನೋಡೋಣ ತಡೀರಿ.”

ಬಟ್ಟೆ ಹೊರಗೆ ಹೇಗೆ ಮಡಿಕೆ ಬೀಳುತ್ತದೆ ಎಂಬುದು ಒಳಗಿನ ಕತ್ತರಿಕೆಯನ್ನು ಅವಲಂಬಿಸಿರುತ್ತದೆ. ನೂಲುಗಣ್ಣು ಈ ಸಲ ತೋಳಿನ ಮಡಿಕೆಗಳಿಂದ ಹಿಂದಕ್ಕೆ ಲೆಕ್ಕ ಹಾಕಿತು. ಅರ್ಧ ಗಂಟೆಯ ಬಳಿಕ ಪರದೆಯಲ್ಲಿ ಒಂದು ತ್ರಿಕೋನ ಮೂಡಿತು. ಬಣ್ಣ ತಿಳಿಯದು, ಆದರೆ ಸುತ್ತಲಿನದಕ್ಕಿಂತ ತೆಳುವಾದ ಬಟ್ಟೆ. ಅದರ ಕೆಳಗೆ ಕಟ್ಟಿನ ಉಬ್ಬೂ ಕಾಣುತ್ತಿತ್ತು.

ಅರಸರು ಸಂಘದ ಗೊಂಬೆಗಳ ಬೀರುವಿನತ್ತ ತಿರುಗಿದರು. ಅಲ್ಲಿದ್ದ ಮೂವತ್ತೊಂದು ಸರದಾರರೂ ಎಡಗೈಯನ್ನು ಸೊಂಟಕ್ಕಿಟ್ಟು ಎದೆ ಸೆಟೆಸಿ ನಿಂತಿದ್ದರು. ಎರಡು ತಲೆಮಾರು ಅದನ್ನು ಗತ್ತು ಎಂದು ಅನುಕರಿಸಿತ್ತು. ಹುಡುಗನಾಗಿದ್ದಾಗ ಅರಸರೂ ಹಾಗೇ ನಿಂತು ಫೋಟೋ ತೆಗೆಸಿಕೊಂಡಿದ್ದರು.

“ನೋವಾಗ್ತಿತ್ತು ಪಾಪ ಅವರಿಗೆ,” ಎಂದರು ಮೆಲ್ಲಗೆ. ಆಮೇಲೆ ತೊಂಬತ್ತೆಂಟು ಅಂಕ ಹಾಕಿ, ಪುಸ್ತಕ ತೆರೆದು, ‘ಹೊಲಿದವರು’ ಎಂಬಲ್ಲಿ ಖಾಸಿಂ ಸಾಬ್ ಎಂದು ದುಂಡಗೆ ಬರೆದರು. ದಿಲ್‌ಶಾದ್ ಅದನ್ನು ಎರಡು ಸಲ ಓದಿದರು.

ವರದಿಯ ಕೊನೆಯ ಪುಟ ಓದುತ್ತಿದ್ದ ಚಂಪಕಾ ತಲೆಯೆತ್ತಿದರು. “ನಿಮ್ಮ ತಂದೆ ಎಡಚರಾ?”

“ಅಲ್ಲ, ಬಲಗೈ. ಯಾಕೆ?”

“ಕೋಟೆಲ್ಲ ಬಲಗೈ ಹೊಲಿಗೆ. ಕಾಜಾ ಮಾತ್ರ ಎಡಗೈಯವರದ್ದು. ಏಳೂ ಒಂದೇ ಕೈ.” ಕಾಜಾ ಎಂದರೆ ಗುಂಡಿ ತೂರಿಸುವ ಕಿಂಡಿ. ಅದರ ಅಂಚನ್ನು ಕೈಯಲ್ಲೇ ಹೊಲಿಯುತ್ತಿದ್ದರು.

ದಿಲ್‌ಶಾದ್‌ಗೆ ಅಪ್ಪನ ಅಂಗಡಿಯ ಹೊಸಿಲು ನೆನಪಾಯಿತು. ಅಲ್ಲಿ ಬೆಳಕಿಗೆ ಮುಖ ಮಾಡಿ ಒಬ್ಬ ಹೆಂಗಸು ದಿನವೆಲ್ಲ ಕೂತಿರುತ್ತಿದ್ದಳು. ಆ ದಿನ ಕತ್ತರಿಸಿದ ಲಂಗದ ಅಂಚನ್ನು ಮಡಿಸಿ ಹೊಲಿದುಕೊಟ್ಟವಳೂ ಅವಳೇ.

“ಒಬ್ಬರಿದ್ರು. ಕಾಜಾ ಅಕ್ಕ ಅಂತಿದ್ವಿ.”

ಅರಸರು ಖಾಸಿಂ ಸಾಬ್ ಪಕ್ಕದಲ್ಲೇ ಪೆನ್ನು ಊರಿದರು. “ಹೆಸರು ಹೇಳಿ.”

“ಗೊತ್ತಿಲ್ಲ ಸಾರ್,” ಎಂದರು ದಿಲ್‌ಶಾದ್. ಅರವತ್ತು ವರ್ಷ ಅಪ್ಪನ ಹೆಸರಿಗಾಗಿ ಕೊರಗಿದ ಅವರು, ಕಾಜಾ ಅಕ್ಕನ ಹೆಸರೇನೆಂದು ಒಮ್ಮೆಯೂ ವಿಚಾರಿಸಿರಲಿಲ್ಲ. ನಾಚಿಕೆಯಿಂದ ಅವರು ತಲೆ ತಗ್ಗಿಸಿದರು.

ಎಳೆ ಎಣಿಸುವ ಯಂತ್ರವೇನೋ ಬಂದಿತ್ತು. ಹೆಸರು ಮಾತ್ರ ಬಟ್ಟೆಯ ಮೇಲೆ ಎಲ್ಲೂ ಬಿದ್ದಿರುವುದಿಲ್ಲ. ಅದನ್ನು ಅಂಥವಳೊಬ್ಬಳು ಹೊಸಿಲಲ್ಲಿ ಕೂತು ಹೊಲಿಯುತ್ತಿರುವಾಗಲೇ ಕೇಳಬೇಕು. ಅಂದರೆ ಇವತ್ತು, ನಿಮ್ಮ ಬೀದಿಯಲ್ಲಿ.