ಶೆಡ್ಡಿನಲ್ಲಿದ್ದ ಅಮ್ಮನ ಫ್ರೀಜರ್

“ಬಾಗಿಲು ತೆಗಿ, ವೀಟ್ಸ್ಕೆ.”

“ತೆಗೆಯಲ್ಲ!”

ಹಿತ್ತಲ ಶೆಡ್ಡಿಗೆ ಬೆನ್ನು ಕೊಟ್ಟು ನಿಂತಿದ್ದಳು ಅವಳು. ಒಳಗಿನಿಂದ ಗುಂಯ್ ಎನ್ನುವ ಸದ್ದು. ಎದುರಿಗೆ ಯೊರಿಟ್... ನೆದರ್ಲೆಂಡ್ಸಿನ ಲೇವಾರ್ಡನ್‌ನ ಈ ಪುಟ್ಟ ಬೀದಿಗೆ ಡಿಸಿ ಕರೆಂಟ್ ಎಳೆದ ಎಂಜಿನಿಯರ್. ಕೆಲಸ ನಡೆದಷ್ಟು ದಿನವೂ ಅವಳ ಅಡುಗೆಮನೆಯಲ್ಲೇ ಕಾಫಿ ಕುಡಿದವನು.

ಸದ್ದು ಅವನಿಗೂ ಕೇಳಿಸಿತ್ತು. ತಿರುಗಿ ಹೊರಟುಹೋದ.

‘ಮುಗೀತು! ಸಂಜೆ ಬೀದಿಯವರ ಸಭೆಯಲ್ಲಿ ಎಲ್ಲರ ಮುಂದೆ ನನ್ನ ಮಾನ ತೆಗೀತಾನೆ...’

ಛಾವಣಿಯ ಸೌರಫಲಕಗಳ ಕರೆಂಟನ್ನು ಎಸಿಗೆ ತಿರುಗಿಸದೆ ಡಿಸಿಯಾಗಿಯೇ ಮನೆಮನೆಗೆ ಹಂಚಿಕೊಂಡರೆ ಪೋಲಾಗುವುದಿಲ್ಲವೆಂದು ಬೀದಿಯವರನ್ನೆಲ್ಲ ಒಪ್ಪಿಸಿದವಳು ಇವಳೇ. ಡಿಸಿಯಲ್ಲಿ ಓಡದ ಅವರ ಹಳೆಯ ಯಂತ್ರಗಳನ್ನು ಹೊರಹಾಕಿಸಿದವಳೂ ಇವಳೇ. ತನ್ನ ಶೆಡ್ಡಿನಲ್ಲಿ ಮಾತ್ರ, ಅದೇ ಕರೆಂಟನ್ನು ಕದ್ದುಮುಚ್ಚಿ ಎಸಿ ಕರೆಂಟಾಗಿ ತಿರುಗಿಸಿ, ತೀರಿಹೋದ ಅಮ್ಮನ ಹಳೇ ಫ್ರೀಜರ್ ಓಡಿಸುತ್ತಿದ್ದಳು!

ಸಂಜೆ ಸಭೆ. ಕಾಫಿಗೆ ಒಂದೊಂದೇ ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿದ್ದೇ ತಡ, ಪಕ್ಕದ ಮನೆಯ ಮುದುಕ ಡೌವೆ ಯೊರಿಟ್‌ನತ್ತ ತಿರುಗಿ ಗುಡುಗಿದ.

“ನೀನು ಹೇಳಿದಷ್ಟು ಉಳಿತಾಯ ಎಲ್ಲಪ್ಪಾ? ನಿನ್ನ ಕೆಲಸಾನೇ ಸರಿಯಿಲ್ಲ. ಕಿತ್ತುಹಾಕಿ, ಹಳೇ ಲೈನೇ ಹಾಕ್ಸೋಣ!”

“ತಪ್ಪು ನನ್ನದೇ ಇರ್ಬೇಕು,” ಎಂದ ಯೊರಿಟ್. ಅವಳತ್ತ ನೋಡಲೂ ಇಲ್ಲ.

ವೀಟ್ಸ್ಕೆಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಇಂಥವನನ್ನೇ ಅನುಮಾನಿಸಿದೆನಲ್ಲ! ಈ ಕೆಲಸ ಕೆಟ್ಟರೆ ಅವನು ಮತ್ತೆ ಈ ಬೀದಿಗೆ ಬರುವುದೇ ಇಲ್ಲ...

“ತಪ್ಪು ನಂದು!” ಎದ್ದು ನಿಂತಳು. “ನನ್ನ ಶೆಡ್ಡಲ್ಲಿ ಅಮ್ಮನ ಫ್ರೀಜರ್ ಓಡ್ತಿದೆ. ನಿಮಗ್ಯಾರಿಗೂ ಹೇಳದೆ...”

“ಹಾಗಾದ್ರೆ ನನ್ನ ವ್ಯಾಕ್ಯೂಮ್ ಕ್ಲೀನರ್ ಬಿಸಾಕ್ಸಿದ್ದು ಯಾಕಮ್ಮಾ?” ಎಂದ ಡೌವೆ.

ಅವಳು ಮುಖ ಮುಚ್ಚಿಕೊಂಡು ಹೊರಗೋಡಿದಳು.

ಹಿಂದೆಯೇ ಬಂದ ಯೊರಿಟ್‌ಗೆ ಈ ಸಲ ಶೆಡ್ಡಿನ ಬಾಗಿಲನ್ನು ತಾನೇ ತೆರೆದಳು. ಫ್ರೀಜರಿನಲ್ಲಿ ಒಂದೇ ಒಂದು ಡಬ್ಬಿ.

“ಅಮ್ಮ ಕೊನೇ ಸಲ ಮಾಡಿದ ಬಟಾಣಿ ಸೂಪು... ತೆಗೆದು ಬೇರೆ ಕಡೆ ಇಡೋಕೂ ಕೈ ಬರ್ಲಿಲ್ಲ. ನೀನ್ಯಾಕೆ ಸುಳ್ಳು ಹೇಳ್ದೆ?”

“ಅದು ನೀನೇ ಹೇಳ್ಬೇಕಾದ ಮಾತು.”

“ನಾನು ಹೇಳದೇ ಇದ್ದಿದ್ರೆ?”

“ಕೆಲಸ ಹೋಗ್ತಿತ್ತು. ನಿನ್ನ ಕಾಫಿನೂ ಹೋಗ್ತಿತ್ತು... ಅದಕ್ಕೇ ಜಾಸ್ತಿ ಹೆದರಿದ್ದೆ.”

ಅವಳ ಕಣ್ಣು ತುಂಬಿ ಬಂತು. ಬಗ್ಗಿ, ತಾನೇ ಪ್ಲಗ್ ಕಿತ್ತಳು. ಗುಂಯ್ ಸದ್ದು ನಿಂತಿತು.

“ಕರಗಿಬಿಡುತ್ತೆ, ವೀಟ್ಸ್ಕೆ...”

“ಕರಗ್ಲಿ. ಬಿಸಿ ಮಾಡ್ತೀನಿ.”

“ಇಬ್ಬರಿಗೆ ಆಗುತ್ತಾ?”

“ಮೂವರಿಗೆ ಆಗ್ಬೇಕು. ಮೊದಲ ಬಟ್ಟಲು ಡೌವೆ ತಾತನಿಗೆ ಕೊಟ್ಟು ಕ್ಷಮೆ ಕೇಳ್ಬೇಕು. ಒಬ್ಬಳೇ ಹೋಗೋಕೆ ನಾಚಿಕೆ ಆಗುತ್ತೆ... ಜೊತೆಗೆ ಬರ್ತೀಯಾ?”

ಯೊರಿಟ್ ಅವಳ ತಣ್ಣನೆಯ ಕೈ ಹಿಡಿದುಕೊಂಡ.

“ಬರ್ತೀನಿ. ನಾಳೆ ಕಾಫಿಗೂ ಬರ್ತೀನಿ... ನಾಡಿದ್ದೂ.”