ಬಿಸಿಯಾಗದ ಸಿಂಥ್

"ಬನ್ನಿ" ಎನ್ನುವಷ್ಟರಲ್ಲಿ ತನ್ನ ರೆಕಾರ್ಡಿಂಗ್ ಕೋಣೆಯ ಕೇಬಲ್ ಎಡವಿ ಅವನೇ ಬೀಳುವುದರಲ್ಲಿದ್ದ. ಅವಳು ತೋಳು ಹಿಡಿದು ನಿಲ್ಲಿಸಿದಳು.

ಅಣ್ಣ ಹೊಗಳಿ ಅಟ್ಟಕ್ಕೇರಿಸಿದ ಸಂಗೀತಗಾರ ಇವನೇನಾ?... ಆದರೂ ಆ ಕಣ್ಣು... ಅವಳ ಎದೆ ಸುಮ್ಮನೆ ಢವಢವ ಎಂದಿತು.

ಕನ್ನಡಕದ ಅಂಗಡಿಯಲ್ಲಿ ಅವಳಿಗೆ ಕೆಲಸ. ಬಾಯಿ ತೆರೆದರೆ ಮಾತೋ ಮಾತು, ಹಾಗಾಗಿ ಮನೆಯಲ್ಲಿ ಪಟಾಕಿ ಎಂದೇ ಹೆಸರು. ಅಣ್ಣನ ಗೆಳೆಯನಾದ ಇವನೋ ಮೌನಿ. ಹಳೇ ಸಿಂಥಸೈಜರ್ ಕೀಬೋರ್ಡ್ ಇಟ್ಟುಕೊಂಡು ಎಂಬತ್ತರ ದಶಕದ ಎಲೆಕ್ಟ್ರಾನಿಕ್ ಧಾಟಿಯ ಸಿಂಥ್‌ವೇವ್ ಹಾಡೊಂದನ್ನು ಮಾಡುತ್ತಿದ್ದ. ಅದಕ್ಕೊಂದು ಹೆಣ್ಣುದನಿ ಬೇಕಿತ್ತು. ತನ್ನ ದನಿಯಲ್ಲೊಂದು ಹಾಡು ಹೊರಬರಬೇಕೆಂಬುದು ಅವಳಿಗೆ ಚಿಕ್ಕಂದಿನ ಆಸೆ.

ಅವನು ಸಿಂಥ್ ಸ್ವಿಚ್ ಹಾಕಿದವನೇ ನುಡಿಸಿದ. ಅವಳು ಕಣ್ಣು ಮುಚ್ಚಿ ಹಾಡಿದಳು. ಮುಗಿದರೂ ಅವನು ರೆಕಾರ್ಡಿಂಗ್ ನಿಲ್ಲಿಸುವುದನ್ನೇ ಮರೆತಿದ್ದ.

ಮಾರನೆಯ ದಿನ ಅವನು ಸಂಗೀತವನ್ನು ಹೊಸದಾಗಿ ನುಡಿಸಿ, ಅವಳ ದನಿಯನ್ನು ಅದರ ಮೇಲೆ ಕೂರಿಸಿ ಕೇಳಿಸಿದ.

"ಶ್ರುತಿ... ಸ್ವಲ್ಪ ಇಳಿದಿದೆ," ಎಂದ, ತಲೆ ತಗ್ಗಿಸಿ.

ಅದು ಅವಳಿಗೂ ಕೇಳಿಸಿತ್ತು. ಸಿಟ್ಟು ಬಂದದ್ದೇ ಅದಕ್ಕೆ.

"ಶ್ರುತಿ ಸರಿ ಇರೋರನ್ನೇ ಹುಡುಕ್ಕೊಳ್ಳಿ," ಎಂದು ಎದ್ದು ಬಂದವಳು ಮನೆಯಲ್ಲಿ ಗುನುಗುವುದನ್ನೂ ಬಿಟ್ಟಳು.

"ಪಟಾಕಿ ಯಾಕೆ ಠುಸ್ ಆಗಿದೆ?" ಎಂದು ಅಣ್ಣ ಕೆಣಕಿದರೆ ಅತ್ತೇಬಿಟ್ಟಳು. ನಂಗೆ ಹಾಡೋಕೇ ಬರಲ್ವಾ? ಅದನ್ನ ಅವನ ಬಾಯಲ್ಲೇ ಕೇಳಬೇಕಿತ್ತಾ...

ಒಂದು ಮಧ್ಯಾಹ್ನ ಅವನು ಅಂಗಡಿಗೇ ಬಂದ.

"ದೂರದ್ದು ಕಾಣಲ್ವೋ, ಹತ್ತಿರದ್ದೋ?" ಎಂದಳು ಮುಖ ಊದಿಸಿಕೊಂಡು.

"ತಪ್ಪು ನಂದು. ಅದು ಹಳೇ ಸಿಂಥ್. ಸ್ವಿಚ್ ಹಾಕಿ ಅರ್ಧ ಗಂಟೆ ಬಿಸಿಯಾಗೋವರೆಗೂ ಶ್ರುತಿ ಇಳಿದೇ ಇರುತ್ತೆ. ನೀವು ಅದಕ್ಕೆ ಸರಿಯಾಗೇ ಹಾಡಿದ್ರಿ. ಮಾರನೇ ದಿನ ನಾನು ಬಿಸಿ ಮಾಡಿ ನುಡಿಸಿದೆ... ಹೊಂದಲಿಲ್ಲ."

"ಇಷ್ಟು ವರ್ಷ ನುಡಿಸಿದೋರಿಗೆ ಅಷ್ಟೂ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಒಂದಿನಾನೂ ಮರೆತವನಲ್ಲ. ಅವತ್ತು... ನೀವು ಬಂದ್ರಲ್ಲ."

ಗಾಜು ಒರೆಸುತ್ತಿದ್ದ ಅವಳ ಕೈ ನಿಂತಿತು.

ಅವನು ಹೆಡ್‌ಫೋನ್ ಚಾಚಿದ. ಹಾಡು ಶುರುವಾಯಿತು. ಸಂಗೀತವೂ ಅವಳ ದನಿಯೂ ಹಾಲು ಸಕ್ಕರೆಯಂತೆ ಬೆರೆತಿದ್ದವು.

"ನನ್ನ ದನೀನ ಸರಿ ಮಾಡಿದ್ರಾ?"

"ಅದನ್ನ ಮುಟ್ಟಲೇ ಇಲ್ಲ. ಸಿಂಥನ್ನ ನಿಮ್ಮ ಶ್ರುತಿಗೆ ಇಳಿಸಿ, ಎಲ್ಲಾನೂ ಮತ್ತೆ ನುಡಿಸಿದೆ."

ಅವಳ ಕಣ್ಣು ತುಂಬಿತು. ಜೊತೆಗೇ ನಗುವೂ ಬಂತು. ಅಷ್ಟು ಖುಷಿ ಅವಳಿಗೆ ಎಂದೂ ಆಗಿರಲಿಲ್ಲ.

"ನಂಗೆ ನೀವು ಇಷ್ಟ," ಎಂದ. "ಹಾಡಿಗೆ ಅಂತ ಅಲ್ಲ... ನಂಗೆ."

"ಅಷ್ಟು ಹೇಳೋಕೆ ಇಡೀ ಹಾಡು ಮತ್ತೆ ನುಡಿಸಬೇಕಿತ್ತಾ?"

"ಮಾತು ಬರಲಿಲ್ಲ."

"ಇರ್ಲಿ ಬಿಡಿ. ಮಾತು ನಾನಾಡ್ತೀನಿ. ನಂಗೂ ನೀವೇ ಇಷ್ಟ." ಅವಳು ಅವನ ಬೆರಳು ಹಿಡಿದಳು. "ಅಣ್ಣಂಗೆ ಯಾರು ಹೇಳೋದು?"

"ಮಾತು ನೀವಲ್ವಾ ಆಡೋದು?"